ರೂಪಕುಂಡದ ಅಸ್ಥಿಗಳು

ಚರಿತ್ರೆಯ ಕುರುಹುಗಳನ್ನು ಅರಸಿ ಹೊರಟವರು ಸಾಮಾನ್ಯವಾಗಿ ಹಾಳುಬಿದ್ದ ಕೋಟೆಗಳ ಬಳಿಗೆ, ದೇವಾಲಯಗಳ ಬಳಿಗೆ, ಶಾಸನಗಳ ಬಳಿಗೆ ಹೋಗುತ್ತಾರೆ. ಕಲ್ಲಿನ ಮೇಲೆ ಕೆತ್ತಿದ ನಾಲ್ಕು ಪಂಕ್ತಿಗಳಿದ್ದರೆ ಸಾಕು, ಅರಸನ ಹೆಸರು, ಶಕವರ್ಷ, ದಾನವಾಗಿ ಕೊಟ್ಟ ಭೂಮಿಯ ಎಲ್ಲೆ ಮೊದಲಾದುವು ನಮಗೆ ತಿಳಿಯಬರುತ್ತವೆ. ಈ ಹೊತ್ತು ನಾವು ಶ್ರೋತೃಗಳನ್ನು ಕರೆದುಕೊಂಡು ಹೋಗಬೇಕೆಂದಿರುವ ಸ್ಥಳದಲ್ಲಿ ಕೋಟೆಯಿಲ್ಲ, ಶಾಸನವಿಲ್ಲ, ಮನುಷ್ಯರ ವಸತಿಯೂ ಇಲ್ಲ. ಅಲ್ಲಿರುವುದು ಒಂದು ಪುಟ್ಟ ಕೊಳ. ಅದರ ದಡದಲ್ಲಿಯೂ ನೀರಿನೊಳಗೂ ನೂರಾರು ಮಂದಿಯ ಎಲುಬುಗಳು. ಅವರು ಯಾರು, ಎಲ್ಲಿಂದ ಬಂದರು, ಯಾವಾಗ ಮಡಿದರು ಎಂಬ ಪ್ರಶ್ನೆಗೆ ಎಂಬತ್ತು ವರ್ಷಗಳಿಗೂ ಮೀರಿ ಉತ್ತರಗಳನ್ನು ಹೇಳುತ್ತ ಬಂದಿದ್ದಾರೆ. ಆ ಉತ್ತರಗಳ ಕಥೆಯೇ ಒಂದು ಚರಿತ್ರೆಯಾಗಿದೆ. ಚರಿತ್ರೆಯನ್ನು ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂಬುದಕ್ಕೆ ಅದು ಒಳ್ಳೆಯ ನಿದರ್ಶನವೂ ಹೌದು.

ಈ ಕೊಳಕ್ಕೆ ರೂಪಕುಂಡವೆಂದು ಹೆಸರು. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, 23,360 ಅಡಿ ಎತ್ತರದ ತ್ರಿಶೂಲ ಪರ್ವತದ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 16,500 ಅಡಿ, ಎಂದರೆ 5,029 ಮೀಟರುಗಳ ಮೇಲೆ ಅದು ಇದೆ. ಅಡ್ಡಳತೆ ಸುಮಾರು 40 ಮೀಟರು ಮಾತ್ರ. ನಮ್ಮ ದೇಶದ ದೇವಾಲಯಗಳ ಕಲ್ಯಾಣಿಗಳಲ್ಲಿ ಅನೇಕವು ಇದಕ್ಕಿಂತ ದೊಡ್ಡವು. ಗಾತ್ರದಿಂದ ನೋಡುವುದಾದರೆ ಭೂಪಟದಲ್ಲಿ ಒಂದು ಚುಕ್ಕೆಗೂ ಅರ್ಹವಲ್ಲದ ಈ ನೀರು ಹಿಮಾಲಯದ ಮಹಾಸರೋವರಗಳಷ್ಟೇ ಪ್ರಸಿದ್ಧವಾಗಿರುವುದು ಅದರ ದಡದಲ್ಲಿ ಮಲಗಿರುವ ಮೃತರಿಂದ.

ಅಲ್ಲಿಗೆ ಹೋಗುವ ದಾರಿಯನ್ನು ಮೊದಲು ಮನಸ್ಸಿನಲ್ಲಿ ನಡೆದು ನೋಡುವುದು ಒಳ್ಳೆಯದು. ಏತಕ್ಕೆಂದರೆ, ಆ ಸ್ಥಳದ ಪ್ರಕೃತಿಯನ್ನು ತಿಳಿಯದೆ ಅಲ್ಲಿನ ಸಾವನ್ನು ತಿಳಿಯುವುದು ಸಾಧ್ಯವಲ್ಲ. ಲೋಹಾಜಂಗ್ ಎಂಬ ಊರನ್ನು ದಾಟಿದ ಮೇಲೆ ವಾಣ್ ಎಂಬುದು ಕೊನೆಯ ದೊಡ್ಡ ಗ್ರಾಮ. ಅಲ್ಲಿಂದ ಮುಂದೆ ದಾರಿ ಓಕ್ ಮರಗಳ ದಟ್ಟವಾದ ಕಾಡಿನೊಳಗೆ ಏರುತ್ತದೆ. ನಡುನಡುವೆ, ವಸಂತದಲ್ಲಿ ಕೆಂಪಗೆ ಹೂ ಬಿಡುವ, ಆ ಸೀಮೆಯವರು ಬುರಾನ್ಸ್ ಎಂದು ಕರೆಯುವ ಮರಗಳುಂಟು. ಇನ್ನೂ ಮೇಲಕ್ಕೆ ಹೋದರೆ ಹಿಂದಿನ ಕಾಲದಲ್ಲಿ ಗ್ರಂಥಗಳನ್ನು ಬರೆಯಲು ತೊಗಟೆಯನ್ನು ಒದಗಿಸಿದ ಭೂರ್ಜವೃಕ್ಷಗಳು ಕಾಣುತ್ತವೆ. ನವಿಲಿನ ಬಣ್ಣಗಳನ್ನು ಎರವಲು ಪಡೆದಂತೆ ತೋರುವ ಮೊನಾಲ್ ಪಕ್ಷಿ ಈ ಕಾಡಿನ ಅಂಚಿನಲ್ಲಿ ವಾಸಮಾಡುತ್ತದೆ. ಸುಮಾರು 11,000 ಅಡಿಯ ಬಳಿ ಮರಗಳು ಒಮ್ಮೆಗೇ ಮುಗಿದುಹೋಗಿ ಹುಲ್ಲುಗಾವಲು ತೆರೆಯುತ್ತದೆ. ಇಂಥ ಗಾವಲುಗಳಿಗೆ ಗಢವಾಲದವರು ಬುಗ್ಯಾಲ್ ಎನ್ನುತ್ತಾರೆ. ಬೇದಿನಿ ಬುಗ್ಯಾಲ್, ಆಲಿ ಬುಗ್ಯಾಲ್ ಎಂಬ ಎರಡು ಅಕ್ಕಪಕ್ಕದಲ್ಲಿವೆ. ಮಳೆಗಾಲದಲ್ಲಿ ಅವುಗಳ ಮೇಲೆ ಬಣ್ಣಬಣ್ಣದ ಸಣ್ಣ ಹೂಗಳು ಹರಡುತ್ತವೆ; ಕುರುಬರು ಕುರಿಮಂದೆಗಳೊಡನೆ ಬಂದು ಬೇಸಗೆಯ ತಿಂಗಳುಗಳನ್ನು ಅಲ್ಲಿ ಕಳೆಯುವ ರೂಢಿ ಹಳೆಯದು.

ಹುಲ್ಲುಗಾವಲನ್ನು ಬಿಟ್ಟಮೇಲೆ ಭೂಮಿಯ ಸ್ವಭಾವವೇ ಬದಲಾಗುತ್ತದೆ. ಕಾಲು ವಿನಾಯಕನೆಂಬ ಗಣಪತಿಯ ಪುಟ್ಟ ಗುಡಿಯ ಬಳಿ ಯಾತ್ರಿಕರು ನಿಂತು ಕೈಮುಗಿಯುತ್ತಾರೆ. ಅದರಾಚೆಗೆ ಹುಲ್ಲು ವಿರಳವಾಗಿ, ಬಂಡೆಗಳು ಹೆಚ್ಚುತ್ತವೆ. ಆ ಬಂಡೆಗಳ ಸಂದಿನಲ್ಲಿ, ಜುಲೈ ತಿಂಗಳಿಂದ ಸೆಪ್ಟೆಂಬರಿನವರೆಗೆ, ತಿಳಿಹಳದಿ ಎಸಳುಗಳೊಳಗೆ ಹೂಗೊಂಚಲನ್ನು ಮುಚ್ಚಿಟ್ಟುಕೊಂಡ ಬ್ರಹ್ಮಕಮಲ ಅರಳುತ್ತದೆ. ಹೂವಿನ ದಳಗಳೆಂದು ನಾವು ಭಾವಿಸುವುವು ವಾಸ್ತವವಾಗಿ ಎಲೆಗಳೇ. ಒಳಗಿನ ಹೂಗಳನ್ನು ಚಳಿಯಿಂದ ಕಾಪಾಡುವುದಕ್ಕೆ ಪ್ರಕೃತಿ ಅವನ್ನು ತೆಳುವಾದ ಹೊದಿಕೆಯಾಗಿ ಮಾಡಿಕೊಟ್ಟಿದೆ. ಇಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಆದಕಾರಣ ಒಂದೊಂದು ಉಸಿರಿನಲ್ಲಿ ದೇಹಕ್ಕೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಮೆ. ಬಯಲುಸೀಮೆಯಿಂದ ಬಂದವನು ಹತ್ತು ಹೆಜ್ಜೆಯಿಟ್ಟು ನಿಲ್ಲುತ್ತಾನೆ, ತಲೆ ಸಿಡಿಯುತ್ತದೆ, ಹಸಿವು ಅಡಗುತ್ತದೆ. ಮಧ್ಯಾಹ್ನದ ವೇಳೆಗೆ ಕಣಿವೆಯಿಂದ ಮೋಡಗಳು ಮೇಲೇರಿ ಬಂದರೆ, ಆಲಿಕಲ್ಲೋ ಹಿಮವೋ ಯಾವುದು ಬೀಳುವುದೆಂದು ಹೇಳುವಂತಿಲ್ಲ. ಮರವಿಲ್ಲದ, ಗುಹೆಯಿಲ್ಲದ ಆ ಇಳಿಜಾರಿನಲ್ಲಿ ತಲೆಮರೆಸಿಕೊಳ್ಳಲು ಸ್ಥಳವಿಲ್ಲ.

ಈ ಏರಿನ ಕೊನೆಯಲ್ಲಿ, ಮೂರು ಕಡೆ ಕಡಿದಾದ ಗೋಡೆಗಳಂತೆ ನಿಂತ ಬಂಡೆಗಳ ನಡುವೆ, ಬಟ್ಟಲಿನ ತಳದಲ್ಲಿರುವಂತೆ ರೂಪಕುಂಡ ಕಾಣಿಸುತ್ತದೆ. ವರ್ಷದ ಹೆಚ್ಚು ಕಾಲ ಅದು ಹೆಪ್ಪುಗಟ್ಟಿ ಹಿಮದಡಿಯಲ್ಲಿರುತ್ತದೆ. ಬೇಸಗೆ ಕಳೆದಮೇಲೆ ಕೆಲವು ವಾರಗಳು ಮಾತ್ರ ನೀರು ಬಯಲಾಗುತ್ತದೆ. ಆಗಲೇ ದಡದ ಎಲುಬುಗಳೂ ಬಯಲಾಗುವುದು. ಕೊಳದ ಮೇಲೆ ಜ್ಯೂನಾರ್ಗಲಿ ಎಂಬ ಕಣಿವೆಬಾಯಿಯುಂಟು. ಅದನ್ನು ದಾಟಿದವರು ಶಿಲಾಸಮುದ್ರದ ಮೂಲಕ ಹೋಮಕುಂಡಕ್ಕೆ ಹೋಗುತ್ತಾರೆ. ಎಂದರೆ ರೂಪಕುಂಡ ದಾರಿಯ ಕೊನೆಯಲ್ಲ. ದಾರಿಯ ಮೇಲಿನ ಒಂದು ನಿಲುಗಡೆ. ಈ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು.

1942ನೆಯ ಇಸವಿಯಲ್ಲಿ ಎಚ್. ಕೆ. ಮಧ್ವಾಲ್ ಎಂಬ ಅರಣ್ಯಾಧಿಕಾರಿ ಈ ಅಸ್ಥಿಗಳನ್ನು ಕಂಡು ವರದಿಮಾಡಿದುದರಿಂದ ಅವು ಹೊರಜಗತ್ತಿಗೆ ತಿಳಿದುವು. ಆಗ ಎರಡನೆಯ ಮಹಾಯುದ್ಧದ ಕಾಲ. ಹಿಮಾಲಯವನ್ನು ದಾಟಿ ಬರಲು ಯತ್ನಿಸಿ ಸತ್ತ ಜಪಾನೀ ಸೈನಿಕರಿರಬಹುದೆಂದು ಊಹಿಸಿದವರಿದ್ದರು. ಎಲುಬುಗಳು ಅಷ್ಟು ಹೊಸವಲ್ಲವೆಂದು ತಿಳಿದಮೇಲೆ ಆ ಊಹೆ ಬಿದ್ದುಹೋಯಿತು. ಅನಂತರ ಚರಿತ್ರೆಯ ಪುಸ್ತಕಗಳಿಂದ ಒಂದೊಂದೇ ಸೇನೆಯನ್ನು ತಂದು ಈ ಕೊಳದ ದಡದಲ್ಲಿ ಮಲಗಿಸುವ ಪ್ರಯತ್ನ ನಡೆಯಿತು. 1841ರಲ್ಲಿ ಟಿಬೆಟ್ಟಿನ ಮೇಲೆ ದಂಡೆತ್ತಿ ಹೋಗಿ ಅಲ್ಲಿಯೇ ಮಡಿದ ಜಮ್ಮುವಿನ ಸೇನಾನಿ ಜೋರಾವರ್ ಸಿಂಗನ ಸೈನಿಕರಿವರೆಂದು ಕೆಲವರು ಹೇಳಿದರು. ಹದಿನಾಲ್ಕನೆಯ ಶತಮಾನದಲ್ಲಿ ಪರ್ವತಪ್ರದೇಶಕ್ಕೆ ಸೇನೆಯನ್ನು ಕಳುಹಿಸಿ ಕಳೆದುಕೊಂಡ ಮಹಮ್ಮದ್ ತುಘಲಕನ ಕಡೆಯವರಿವರೆಂದು ಮತ್ತೆ ಕೆಲವರು ಹೇಳಿದರು. ಕಳೆದುಹೋದ ಸೇನೆಯೊಂದು, ಯಾರದೆಂದು ತಿಳಿಯದ ಎಲುಬುಗಳ ರಾಶಿಯೊಂದು. ಎರಡನ್ನೂ ಕೂಡಿಸುವ ಆಶೆ ಸಹಜವೇ. ಆದರೆ ಆಶೆ ಪ್ರಮಾಣವಾಗದು.

ಆ ಸೀಮೆಯ ಜನ ಮಾತ್ರ ಈ ವಿಷಯದಲ್ಲಿ ಸಂಶಯಪಟ್ಟವರಲ್ಲ. ಅವರಿಗೆ ನಂದಾದೇವಿ ಮನೆಯ ಮಗಳು. ಆಕೆ ತವರಿನಿಂದ ಗಂಡನ ಮನೆಯಾದ ಕೈಲಾಸಕ್ಕೆ ಹೊರಡುವಾಗ ಊರೆಲ್ಲ ಸೇರಿ ಕಳುಹಿಸಿಕೊಡುವ ಯಾತ್ರೆಗೆ ನಂದಾದೇವಿ ರಾಜಜಾತ್ ಎಂದು ಹೆಸರು. ನೌಟಿ ಎಂಬ ಗ್ರಾಮದಿಂದ ಹೊರಟು, ನಾಲ್ಕು ಕೊಂಬಿನ ಟಗರನ್ನು ಮುಂದಿಟ್ಟುಕೊಂಡು, ವಾಣ್, ಬೇದಿನಿ, ರೂಪಕುಂಡಗಳ ದಾರಿಯಲ್ಲಿ ಹೋಮಕುಂಡದವರೆಗೆ ಹೋಗುತ್ತಾರೆ; ಅಲ್ಲಿಂದ ಟಗರು ದೇವಿಯ ಉಡುಗೊರೆಗಳನ್ನು ಹೊತ್ತು ಒಂಟಿಯಾಗಿ ಪರ್ವತದ ಕಡೆಗೆ ಹೋಗಬೇಕು. ಹನ್ನೆರಡು ವರ್ಷಗಳಿಗೊಮ್ಮೆ ನಡೆಯಬೇಕೆಂಬುದು ಸಂಪ್ರದಾಯ. 1987, 2000, 2014ನೆಯ ಇಸವಿಗಳಲ್ಲಿ ಈ ಯಾತ್ರೆ ನಡೆಯಿತು. ಮಗಳನ್ನು ಬೀಳ್ಕೊಡುವಾಗ ನಮ್ಮ ಮನೆಗಳಲ್ಲಿ ಹೆಂಗಸರು ಕಣ್ಣೀರಿಡುವಂತೆಯೇ ಅಲ್ಲಿನ ಹೆಂಗಸರೂ ದೇವಿಯ ಪಲ್ಲಕ್ಕಿಯ ಮುಂದೆ ಅಳುತ್ತಾರೆ. ದಾರಿಯಲ್ಲಿ ಬಾಯಾರಿದ ದೇವಿಗಾಗಿ ಶಿವನು ಈ ಕೊಳವನ್ನು ನಿರ್ಮಿಸಿದನೆಂದೂ, ನೀರಿಗೆ ಬಗ್ಗಿದಾಗ ಆಕೆ ತನ್ನ ರೂಪವನ್ನು ಕಂಡುದರಿಂದ ಇದಕ್ಕೆ ರೂಪಕುಂಡವೆಂಬ ಹೆಸರು ಬಂದಿತೆಂದೂ ಹೇಳುತ್ತಾರೆ.

ಎಲುಬುಗಳ ವಿಷಯವಾಗಿ ಅವರು ಹೇಳುವ ಕಥೆ ಹೀಗಿದೆ. ಕನೌಜಿನ ಅರಸನಾದ ಜಸಧವಳನು ಗರ್ಭಿಣಿಯಾದ ರಾಣಿ ಬಲಂಪೆಯೊಡನೆ, ಪರಿವಾರದೊಡನೆ, ನರ್ತಕಿಯರೊಡನೆ ಈ ಯಾತ್ರೆಗೆ ಬಂದನಂತೆ. ನಿಯಮವನ್ನು ಮರೆತು ದಾರಿಯಲ್ಲಿ ನೃತ್ಯವಿನೋದಗಳನ್ನು ನಡೆಸಿದನಂತೆ. ನರ್ತಕಿಯರು ಕಲ್ಲಾದ ಸ್ಥಳವನ್ನು ಪಾತರ್ ನಚೌನಿ ಎಂದು ಇಂದಿಗೂ ತೋರಿಸುತ್ತಾರೆ. ದೇವಿಯ ಭೂಮಿಯಲ್ಲಿ ರಾಣಿ ಹೆತ್ತಳು, ಸೂತಕವಾಯಿತು, ಮುನಿದ ದೇವಿ ಕಬ್ಬಿಣದಂಥ ಆಲಿಕಲ್ಲಿನ ಮಳೆಯನ್ನು ಕರೆದಳು, ರಾಜಪರಿವಾರವೆಲ್ಲ ಕೊಳದ ದಡದಲ್ಲಿ ಮಡಿಯಿತು. ಓದು ಕಲಿತವರು ಇಂಥ ಕಥೆಗಳನ್ನು ಕೇಳಿ ನಗುವುದುಂಟು. ನಾವಾದರೋ ನಗಲಾರೆವು, ಏತಕ್ಕೆಂಬುದು ಮುಂದೆ ತಿಳಿಯುತ್ತದೆ.

1950ರ ದಶಕದಲ್ಲಿ ಲಕ್ನೋದ ಮಾನವಶಾಸ್ತ್ರಜ್ಞ ಡಿ. ಎನ್. ಮಜುಂದಾರರೂ, ಕೈಲಾಸ ಮಾನಸಸರೋವರಗಳ ಸಂಶೋಧನೆಯಿಂದ ಹೆಸರಾದ ಸ್ವಾಮಿ ಪ್ರಣವಾನಂದರೂ ರೂಪಕುಂಡದ ರಹಸ್ಯವನ್ನು ಪರಿಶೀಲಿಸಿದರು. ಅನಂತರ 2004ರಲ್ಲಿ ಭಾರತದ ಮತ್ತು ಯೂರೋಪಿನ ವಿದ್ವಾಂಸರ ತಂಡವೊಂದು ಕೊಳಕ್ಕೆ ಹೋಯಿತು. ಎಲುಬಿನಲ್ಲಿರುವ ಇಂಗಾಲದ ಒಂದು ವಿಶೇಷ ಬಗೆ, ಜೀವಿ ಸತ್ತ ದಿನದಿಂದ ಒಂದು ಗೊತ್ತಾದ ಪ್ರಮಾಣದಲ್ಲಿ ಕ್ಷಯಿಸುತ್ತ ಹೋಗುತ್ತದೆ. ಉಳಿದುದನ್ನು ಅಳೆದರೆ ಸತ್ತ ಕಾಲವನ್ನು ಗುಣಿಸಬಹುದು. ಈ ರೀತಿಯಿಂದ ಆಗ ಹೊರಟ ಕಾಲ ಕ್ರಿ. ಶ. 850ರ ಸುಮಾರು. ಇದಕ್ಕಿಂತ ಆಶ್ಚರ್ಯಕರವಾದುದು ಮತ್ತೊಂದು ಸಂಗತಿ. ಕೆಲವು ತಲೆಬುರುಡೆಗಳ ನೆತ್ತಿಯಲ್ಲಿ, ದುಂಡಾದ ಭಾರವಸ್ತು ಮೇಲಿನಿಂದ ಬಿದ್ದಂತೆ, ಮಾಯದೆ ಉಳಿದ ಒಡಕುಗಳಿದ್ದುವು. ಕತ್ತಿಯ ಏಟು ಹೀಗಿರುವುದಿಲ್ಲ. ಉರುಳಿಬಂದ ಬಂಡೆಯಾದರೆ ಮೈಯ ಬೇರೆ ಎಲುಬುಗಳನ್ನೂ ಮುರಿಯುತ್ತದೆ. ಆದುದರಿಂದ ದೊಡ್ಡ ಆಲಿಕಲ್ಲುಗಳ ಮಳೆಯಿಂದ ಇವರು ಸತ್ತರೆಂದು ಆ ವಿದ್ವಾಂಸರು ತೀರ್ಮಾನಿಸಿದರು. ಗುಡ್ಡಗಾಡಿನ ಹೆಂಗಸರು ತಲೆಮಾರುಗಳಿಂದ ಹಾಡುತ್ತ ಬಂದ ಕಥೆಗೂ, ವಿಜ್ಞಾನಿಗಳ ತೀರ್ಮಾನಕ್ಕೂ ಇಂಥ ಹೊಂದಾಣಿಕೆ ಅಪೂರ್ವವಾದುದು. ರಹಸ್ಯ ಬಿಡಿಸಿತೆಂದು ಎಲ್ಲರೂ ನಂಬಿದರು.

ಹದಿನೈದು ವರ್ಷಗಳ ಮೇಲೆ, 2019ರಲ್ಲಿ, ಆ ನಂಬಿಕೆಯೂ ಅಲುಗಾಡಿತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ, ಲಕ್ನೋದ ಬೀರಬಲ್ ಸಾಹನಿ ಸಂಸ್ಥೆ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಮೊದಲಾದ ಕಡೆಯ ಸಂಶೋಧಕರು ಸೇರಿ 38 ಮಂದಿಯ ಅಸ್ಥಿಗಳಿಂದ ಡಿ. ಎನ್. ಎ. ಎಂಬ ವಂಶದ್ರವ್ಯವನ್ನು ತೆಗೆದು ಪರೀಕ್ಷಿಸಿದರು. ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ಈ ದ್ರವ್ಯದಲ್ಲಿ ಒಬ್ಬನ ಪೂರ್ವಿಕರು ಯಾವ ಸೀಮೆಯವರೆಂಬುದರ ಗುರುತು ಇರುತ್ತದೆ. ಪರೀಕ್ಷೆಯಲ್ಲಿ ತಿಳಿದ ಮೊದಲನೆಯ ಸಂಗತಿ, ಆ 38 ಮಂದಿಯಲ್ಲಿ 15 ಮಂದಿ ಹೆಂಗಸರು. ಇಷ್ಟರಿಂದಲೇ ಸೇನೆಗಳ ಊಹೆಗಳೆಲ್ಲ ದುರ್ಬಲವಾದುವು. ಎರಡನೆಯದು, ಅವರಲ್ಲಿ ಯಾರೊಬ್ಬರೂ ಮತ್ತೊಬ್ಬರಿಗೆ ಹತ್ತಿರದ ರಕ್ತಸಂಬಂಧಿಗಳಲ್ಲ. ಒಂದೇ ಕುಟುಂಬದವರು ಕೂಡಿ ಬಂದು ಸತ್ತರೆಂಬ ಮಾತೂ ಇದರಿಂದ ನಿಲ್ಲದೆ ಹೋಯಿತು. ಮೂರನೆಯದೇ ಎಲ್ಲರನ್ನೂ ಬೆರಗುಗೊಳಿಸಿತು. 23 ಮಂದಿ ಭಾರತ ಉಪಖಂಡದ ಮೂಲದವರು. 14 ಮಂದಿ ಮೆಡಿಟರೇನಿಯನ್ ಸಮುದ್ರದ ಪೂರ್ವಭಾಗದವರು, ಇಂದಿನ ಗ್ರೀಸ್ ಮತ್ತು ಕ್ರೀಟಿನ ಜನರನ್ನು ಹೋಲುವವರು. ಒಬ್ಬನು ಆಗ್ನೇಯ ಏಷ್ಯದ ಮೂಲದವನು.

ಕಾಲವೂ ಒಂದಾಗಿರಲಿಲ್ಲ. ಭಾರತೀಯ ಮೂಲದ 23 ಮಂದಿ ಕ್ರಿ. ಶ. 800ರ ಆಸುಪಾಸಿನವರು. ಅವರೊಳಗೂ ಏಳನೆಯ ಶತಮಾನದ ಕೊನೆಗೆ ಸೇರಿದವರೂ ಹತ್ತನೆಯ ಶತಮಾನಕ್ಕೆ ಸೇರಿದವರೂ ಇರುವುದರಿಂದ ಎಲ್ಲರೂ ಒಂದೇ ದಿನ ಸತ್ತಿರಲಾರರು. ಉಳಿದ 15 ಮಂದಿ ಅವರಿಗಿಂತ ಸುಮಾರು ಸಾವಿರ ವರ್ಷ ಈಚೆಗೆ, ಕ್ರಿ. ಶ. 1800ರ ಸುಮಾರಿಗೆ, ಅದೇ ದಡದಲ್ಲಿ ಪ್ರಾಣಬಿಟ್ಟವರು. ಎಲುಬಿನ ರಾಸಾಯನಿಕ ಪರೀಕ್ಷೆಯೂ ಈ ಭೇದವನ್ನು ಸಮರ್ಥಿಸಿತು. ರಾಗಿ, ಸಜ್ಜೆ, ನವಣೆಗಳಂಥ ಧಾನ್ಯಗಳನ್ನು ತಿಂದವರ ಎಲುಬಿನಲ್ಲಿ ಒಂದು ಗುರುತು, ಗೋಧಿ, ಜವೆ, ಬತ್ತಗಳನ್ನು ತಿಂದವರ ಎಲುಬಿನಲ್ಲಿ ಮತ್ತೊಂದು ಗುರುತು ಉಳಿಯುತ್ತದೆ. ಭಾರತೀಯ ಮೂಲದವರಲ್ಲಿ ಎರಡು ಬಗೆಯ ಆಹಾರವೂ ನಾನಾ ಪ್ರಮಾಣಗಳಲ್ಲಿ ಕಂಡಿತು. ಪಶ್ಚಿಮದಿಂದ ಬಂದವರಲ್ಲಿ ಕಿರುಧಾನ್ಯದ ಗುರುತು ಬಹಳ ಕಡಮೆ. ಅವರ ಊಟ ಬೇರೆ, ಊರು ಬೇರೆ, ಕಾಲ ಬೇರೆ.

ಗ್ರೀಸ್ ಎಂದ ಕೂಡಲೇ ಅಲೆಗ್ಸಾಂಡರನ ನೆನಪಾಗುವುದು ಸಹಜ. ಅವನ ಸಂಗಡ ಬಂದು ವಾಯವ್ಯದಲ್ಲಿ ನೆಲಸಿದವರ ಸಂತಾನವೇ ಇದು ಎಂದು ಹೇಳಿಬಿಡಲು ಯಾರಿಗಾದರೂ ಮನಸ್ಸಾದೀತು. ಆದರೆ ಎರಡು ಸಾವಿರ ವರ್ಷ ಈ ದೇಶದಲ್ಲಿದ್ದವರು ಇಲ್ಲಿನವರೊಡನೆ ಬೆರೆಯದೆ ಇರುವುದು ಹೇಗೆ? ಈ 14 ಮಂದಿಯಲ್ಲಿ ಅಂಥ ಬೆರಕೆಯ ಗುರುತು ಕಾಣದು. ಆದಕಾರಣ ಅವರು ದೂರದ ಆ ಸೀಮೆಯಲ್ಲಿಯೇ, ಪ್ರಾಯಶಃ ಆಗಿನ ಆಟೋಮನ್ ತುರ್ಕರ ಸಾಮ್ರಾಜ್ಯದಲ್ಲಿ, ಹುಟ್ಟಿ ಬೆಳೆದವರಾಗಿರಬೇಕೆಂದು ಸಂಶೋಧಕರು ಹೇಳಿದರು. ಗಂಡಸರೂ ಹೆಂಗಸರೂ ಕೂಡಿ ಅವರು ಹಿಮಾಲಯದ ಈ ನಿರ್ಜನ ದಾರಿಗೆ ಬಂದುದೇತಕ್ಕೆ? ವ್ಯಾಪಾರಕ್ಕಾದರೆ ಈ ದಾರಿಯಲ್ಲಿ ದೊಡ್ಡ ಪೇಟೆಯಿಲ್ಲ. ನಂದಾದೇವಿಯ ಯಾತ್ರೆಗೆ ಬಂದರೆನ್ನಲು ಅವರು ದೂರದ ಪರದೇಶದವರು. ಈ ಪ್ರಶ್ನೆಗೆ ಉತ್ತರ ಎಲುಬಿನಲ್ಲಿಲ್ಲ. ದಫ್ತರಗಳಲ್ಲಿ, ಹಳೆಯ ಪತ್ರಗಳಲ್ಲಿ ಹುಡುಕಬೇಕೆಂದು ಆ ಸಂಶೋಧಕರೇ ಸೂಚಿಸಿದರು. ವಿಜ್ಞಾನ ತನ್ನ ಕೆಲಸವನ್ನು ಮಾಡಿ ಮತ್ತೆ ಚರಿತ್ರಕಾರನ ಬಾಗಿಲನ್ನು ತಟ್ಟಿದೆ.

ಹಾಗಾದರೆ ಆ ಜನಪದದ ಕಥೆ ಸುಳ್ಳಾಯಿತೆ? ನಮಗೆ ಹಾಗೆ ತೋರುವುದಿಲ್ಲ. ರೂಪಕುಂಡ ಯಾತ್ರೆಯ ದಾರಿಯ ಮೇಲಿದೆಯೆಂದು ಹಿಂದೆ ಹೇಳಿದೆವಷ್ಟೆ. ಸಮೀಪದ ದೇವಾಲಯಗಳಲ್ಲಿ ಎಂಟರಿಂದ ಹತ್ತನೆಯ ಶತಮಾನಗಳ ಶಾಸನಗಳಿರುವುದರಿಂದ ಯಾತ್ರೆಯೂ ಅಷ್ಟು ಹಳೆಯದಿರಬಹುದು. ಆ ಕಾಲದ 23 ಮಂದಿಯಲ್ಲಿ ಕೆಲವರಾದರೂ ಯಾತ್ರಿಕರಾಗಿದ್ದು, ಆಲಿಕಲ್ಲಿನ ಮಳೆಗೆ ಸಿಕ್ಕಿ ಮಡಿದಿರುವುದು ಸಂಭವನೀಯ. ಕಥೆ ಒಂದು ನಿಜವಾದ ದುರಂತವನ್ನು ನೆನಪಿನಲ್ಲಿಟ್ಟುಕೊಂಡಿದ್ದೀತು. ತಪ್ಪಿದುದು ಎಲ್ಲಿ ಎಂದರೆ, ಒಂದು ಕಥೆಯಿಂದ ಎಲ್ಲ ಎಲುಬುಗಳಿಗೂ ಲೆಕ್ಕ ಒಪ್ಪಿಸಬಹುದೆಂದು ನಾವು ತಿಳಿದುದರಲ್ಲಿ. ಜಪಾನೀಯರನ್ನು ಕಂಡವರು, ಜೋರಾವರನ ಸೇನೆಯನ್ನು ಕಂಡವರು, ಕನೌಜಿನ ಅರಸನನ್ನು ಕಂಡವರು, ಆಲಿಕಲ್ಲಿನ ಒಂದು ಮಧ್ಯಾಹ್ನವನ್ನು ಕಂಡವರು, ಇವರೆಲ್ಲರೂ ಒಂದು ವಿಷಯದಲ್ಲಿ ಒಂದೇ ಮತದವರಾಗಿದ್ದರು. ಎಲುಬುಗಳು ಒಂದೇ ಕಡೆ ಇದ್ದುದರಿಂದ ಸಾವೂ ಒಂದೇ ಆಗಿರಬೇಕೆಂದು ನಂಬಿದ್ದರು.

ಒಂದೇ ಕಡೆ ಅವನ್ನು ಸೇರಿಸಿದುದು ಆ ಸ್ಥಳದ ಪ್ರಕೃತಿಯೇ ಆಗಿದ್ದೀತು. ಹಗಲಿನಲ್ಲಿ ಬಂಡೆಯ ಬಿರುಕಿಗೆ ಇಳಿದ ನೀರು ಇರುಳಿನಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಸೀಳಿದ ಕಲ್ಲು ಇಳಿಜಾರಿನಲ್ಲಿ ಜಾರುತ್ತದೆ. ಅದರೊಡನೆ ಮೇಲಿನ ದಾರಿಯಲ್ಲಿ ಬಿದ್ದುದೆಲ್ಲ ಬಟ್ಟಲಿನ ತಳಕ್ಕೆ ಬರುತ್ತದೆ. ಶತಮಾನಗಳ ಅಂತರದಲ್ಲಿ ಸತ್ತವರು ಹೀಗೆ ಒಂದೇ ದಡದಲ್ಲಿ ಅಕ್ಕಪಕ್ಕವಾದರು. ಚಳಿ ಅವರನ್ನು ಕೊಳೆಯದಂತೆ ಕಾಪಾಡಿತು. ಕೆಲವು ದೇಹಗಳ ಮೇಲೆ ಕೂದಲೂ ಮಾಂಸವೂ ಉಳಿದಿದ್ದುವು. ಯಾರು ಮೊದಲು ಸತ್ತರು, ಯಾರ ಬಳಿ ಯಾವ ವಸ್ತುವಿತ್ತು ಎಂಬ ಕ್ರಮವನ್ನು ಮಾತ್ರ ಹಿಮವೂ ಕಲ್ಲೂ ಸೇರಿ ಕಲಸಿಬಿಟ್ಟುವು.

ಕಲ್ಲು ಕಲಸಿದುದು ಸಾಲದೆಂಬಂತೆ ಮನುಷ್ಯರೂ ಕೈಹಾಕಿದರು. ಅಲ್ಲಿಗೆ ಹೋದವರಲ್ಲಿ ಕೆಲವರು ಎಲುಬುಗಳನ್ನು ಗುಡ್ಡೆಹಾಕಿದರು, ತಲೆಬುರುಡೆಗಳನ್ನು ಬಂಡೆಯ ಮೇಲೆ ಸಾಲಾಗಿಟ್ಟು ಛಾಯಾಚಿತ್ರ ತೆಗೆದರು, ನೆನಪಿಗೆಂದು ಚೀಲದಲ್ಲಿ ಒಯ್ದರು. ಒಯ್ದ ಒಂದೊಂದು ಎಲುಬೂ ಇನ್ನೆಂದಿಗೂ ದೊರೆಯದ ಒಂದು ಸಾಕ್ಷ್ಯ. ಪರೀಕ್ಷೆಯಾದುದು 38 ಮಂದಿಯದು ಮಾತ್ರ. ಅಲ್ಲಿ ಮಡಿದವರು ನೂರಾರು ಮಂದಿ. ನಾಲ್ಕನೆಯ ಗುಂಪೊಂದು ಅವರಲ್ಲಿ ಇದ್ದಿದ್ದರೆ, ಅದರ ಗುರುತು ಯಾವ ಮನೆಯ ಕಪಾಟಿನಲ್ಲಿ ಧೂಳು ಹಿಡಿಯುತ್ತಿದೆಯೋ! ಹುಲ್ಲುಗಾವಲಿನ ಗತಿಯೂ ಹೀಗೆಯೇ ಆಗುತ್ತ ಬಂದಿತು. ಗುಂಪುಗುಂಪಾಗಿ ಬಂದವರ ಗುಡಾರಗಳಿಂದಲೂ ಕಸದಿಂದಲೂ ಬುಗ್ಯಾಲುಗಳು ಕೆಡುತ್ತಿರುವುದನ್ನು ಕಂಡು 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ಅವುಗಳ ಮೇಲೆ ರಾತ್ರಿ ತಂಗುವುದನ್ನು ನಿಷೇಧಿಸಿತು. ವರ್ಷದಲ್ಲಿ ಕೆಲವೇ ತಿಂಗಳು ಬೆಳೆಯಲು ಅವಕಾಶವಿರುವ ಹುಲ್ಲು ಒಮ್ಮೆ ಕಿತ್ತುಹೋದರೆ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಮತ್ತೆ ಚಿಗುರುವುದಕ್ಕೆ ಬಹುಕಾಲ ಬೇಕು.

ಕುತೂಹಲವನ್ನು ನಾವು ತಪ್ಪೆನ್ನುವುದಿಲ್ಲ. ಅದು ಇಲ್ಲದಿದ್ದರೆ ದೂರದ ಆ ಹದಿನಾಲ್ಕು ಮಂದಿ ಅಲ್ಲಿ ಸತ್ತರೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಲ್ಲಿ ಮಲಗಿರುವವರು ನಮ್ಮ ಬೆರಗಿಗಾಗಿ ಇಟ್ಟ ವಸ್ತುಗಳಲ್ಲ. ಅವರಲ್ಲಿ ಒಬ್ಬೊಬ್ಬರಿಗೂ ಹಿಂದಿರುಗಿ ಬರುವರೆಂದು ಕಾದಿದ್ದ ಮನೆಯೊಂದಿತ್ತು; ಕೆಲವರ ಮನೆ ಗಂಗೆಯ ಬಯಲಿನಲ್ಲಿದ್ದೀತು, ಕೆಲವರದು ಏಳು ಕಡಲಿನಾಚೆ ಎಂಬಷ್ಟು ದೂರದಲ್ಲಿ. ಕಾದವರಿಗೆ ಸುದ್ದಿ ಬರಲಿಲ್ಲ. ಚರಿತ್ರೆ ಬರೆಯುವವನು ಆ ಸುದ್ದಿಯನ್ನು ಸಾವಿರ ವರ್ಷಗಳ ಮೇಲಾದರೂ ಸರಿಯಾಗಿ ಮುಟ್ಟಿಸಬೇಕಾದವನು. ಅವಸರದಿಂದ ಎಲ್ಲರಿಗೂ ಒಂದೇ ಹೆಸರಿಟ್ಟು ಕೈತೊಳೆದುಕೊಂಡರೆ ಅವರು ಎರಡನೆಯ ಸಲ ಕಳೆದುಹೋದಂತೆ.

ರೂಪಕುಂಡಕ್ಕೆ ಹೋಗುವ ಭಾಗ್ಯ ನಮ್ಮ ಶ್ರೋತೃಗಳಲ್ಲಿ ಯಾರಿಗಾದರೂ ಒದಗಿದರೆ ಒಂದು ಮಾತನ್ನು ನಡೆಸಿಕೊಡಬೇಕೆಂದು ಬೇಡುತ್ತೇವೆ. ಕೊಳದ ದಡದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಲಿ. ಏನನ್ನೂ ಮುಟ್ಟದೆ, ಮೋಡ ಏರುವುದರೊಳಗಾಗಿ ಇಳಿದು ಬರಲಿ.